ಮಳೆ ಹೊಡೆದ ಮಲ್ಲಿಗೆಗೆ ಮೊದಲು ಗಾಳಿ, ಆಮೇಲೆ ಗೊಬ್ಬರ

ಬ್ರಹ್ಮಾವರದ ಹತ್ತಿರ ನನ್ನದು ಮಳೆ ನಂಬಿದ ಹಕ್ಕಲು ಜಮೀನು. ಮನೆಯ ದಿನಖರ್ಚು ನಡೆಯುವುದು ಅಂಗಳದಾಚೆಯ 60 ಮಲ್ಲಿಗೆ ಗಿಡಗಳಿಂದ. 2020ರ ಸೆಪ್ಟೆಂಬರ್ 20ರ ಮಹಾಮಳೆಗೆ ಗಿಡದ ಬುಡದಲ್ಲಿ ಮೂರು ದಿನ ನೀರು ನಿಂತಿತು. ಎಲೆ ಹಳದಿಯಾಯ್ತು. ಗೊಬ್ಬರ ಸಾಲದೆಂದು ಹಿಂಡಿ, ಯೂರಿಯಾ ಹಾಕಿದೆ. ಹದಿನೈದು ದಿನದಲ್ಲಿ 22 ಗಿಡ ಹೋಯ್ತು!

ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತಿತ್ತು. ನೀರು ನಿಂತ ಮಣ್ಣಲ್ಲಿ ಬೇರಿಗೆ ಗಾಳಿ ಇಲ್ಲ. ಉಸಿರು ಕಟ್ಟಿದ ಬೇರು ಗೊಬ್ಬರ ಎಳೆಯುವುದಾದರೂ ಹೇಗೆ? ತಪ್ಪು ನನ್ನದೇ.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ:

1. ಮಳೆ ಬಿಟ್ಟ ಕೂಡಲೇ ತಗ್ಗಿನ ಕಡೆಗೆ ಒಂದೂವರೆ ಅಡಿ ಆಳದ ಕಣಿ ತೆಗೆದು ನೀರು ಬಿಡಿ.

2. ಬುಡಕ್ಕಂಟಿದ ಕೆಸರು, ಕೊಳೆತ ಸೊಪ್ಪು ಕೈಯಲ್ಲೇ ಸರಿಸಿ. ಹಸಿ ನೆಲ ಅಗೆಯಬೇಡಿ, ತುಳಿಯಬೇಡಿ.

3. ಬುಡದಲ್ಲಿ ಬಿಳಿ ನೂಲು, ಸಾಸಿವೆಯಂಥ ಕಾಳು ಕಂಡರೆ ಅದು ಬುಡಕೊಳೆ ರೋಗ. ಅಂಥ ಗಿಡವನ್ನು ಮಣ್ಣು ಸಮೇತ ಕಿತ್ತು ದೂರ ಒಯ್ದು ಸುಡಿ. ಪಕ್ಕದ ಗಿಡಗಳ ಬುಡಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಹೊಯ್ಯಿರಿ.

4. ಮುರಿದ ಗೆಲ್ಲುಗಳನ್ನು ಬಿಸಿಲು ಬಿದ್ದ ದಿನ ಕತ್ತರಿಸಿ, ಅಡಿಕೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿ.

5. ಹೊಸ ಚಿಗುರು ಕಂಡ ಮೇಲೆಯೇ ಗೊಬ್ಬರ, ಅದೂ ಸ್ವಲ್ಪ ಸ್ವಲ್ಪ.

ಸತ್ತ ಗಿಡಗಳ ಜಾಗದಲ್ಲಿ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಹೊಸ ಗಿಡ ನೆಟ್ಟೆ. ಅವು ಅಟ್ಟೆ ಲೆಕ್ಕದಲ್ಲಿ ಹೂ ಕೊಡಲು ಎರಡು ವರ್ಷ ಹಿಡಿಯಿತು. ಅವಸರದ ಒಂದು ಬುಟ್ಟಿ ಗೊಬ್ಬರಕ್ಕೆ ನಾನು ತೆತ್ತ ಬೆಲೆ ಅದು. ಕುಂದಾಪುರ, ಬೈಂದೂರು ಕಡೆಯ ಬೆಳೆಗಾರರಲ್ಲಿ ಬೇರೆ ಉಪಾಯವಿದ್ದರೆ ದಯವಿಟ್ಟು ಬರೆದು ತಿಳಿಸಿ.