ಫೆಲೋಶಿಪ್ ಮೇಲೆ ಹೊರಟವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದಿಂದ ಫುಲ್‌ಬ್ರೈಟ್-ನೆಹರೂ ಫೆಲೋಶಿಪ್ ಮೇಲೆ ಅಮೆರಿಕಕ್ಕೆ ಹೊರಟವರು ಇದನ್ನು ಬೀರುವಿನ ಬಾಗಿಲಿಗೆ ಅಂಟಿಸಿಕೊಳ್ಳಿ. ಬೇರೆ ದೇಶಕ್ಕೆ ಹೋಗುವವರಿಗೂ ಇದರಲ್ಲಿ ಒಂದಿಷ್ಟು ಅನ್ವಯ.

ಮೊದಲು ಹೆಸರು ಸರಿಮಾಡಿಕೊಳ್ಳಿ. ಬಟ್ಟೆ, ಸೂಟ್‌ಕೇಸು ಆಮೇಲೆ. ನಮ್ಮಲ್ಲಿ ಅನೇಕರಿಗೆ ಸರ್‌ನೇಮ್ ಎಂಬುದೇ ಇಲ್ಲ. ಊರು, ಅಪ್ಪ, ಆಮೇಲೆ ನಾವು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದದ್ದು, ಆಧಾರ್‌ನಲ್ಲಿ ಲಕ್ಷ್ಮಿಗೆ ಬೇರೆಯದೇ ಸ್ಪೆಲಿಂಗು. ಪಾಸ್‌ಪೋರ್ಟಿನ ಸರ್‌ನೇಮ್ ಕಾಲಂ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ಅಲ್ಲಿ ಯಾರಾದರೂ ‘ಮಿಸ್ಟರ್ ಫ್ನು’ ಎಂದು ಕರೆದರೆ ಓಗೊಡಲು ಸಿದ್ಧರಿರಿ.

1959ರಲ್ಲಿ ಫುಲ್‌ಬ್ರೈಟ್ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದ ಎ.ಕೆ. ರಾಮಾನುಜನ್ ಅವರ ‘ಎ’ ಅತ್ತಿಪಟ್, ‘ಕೆ’ ತಂದೆ ಕೃಷ್ಣಸ್ವಾಮಿ. ಅವರ ಸ್ವಂತ ಹೆಸರೇ ಅಲ್ಲಿ ಮನೆತನದ ಹೆಸರಾಗಿ ಕೂತಿತು. ಆಗ ಫಾರಂ ತುಂಬಿಸಿಕೊಳ್ಳುವ ಕಂಪ್ಯೂಟರ್ ಇರಲಿಲ್ಲ, ನಡೆಯಿತು. ಈಗ ನಡೆಯುವುದಿಲ್ಲ.

ಅಂಕಪಟ್ಟಿಯ ಹೆಸರು ತಿದ್ದುವ ಎಸ್ಸೆಸ್ಸೆಲ್ಸಿ ಮಂಡಳಿ ಮಲ್ಲೇಶ್ವರದ 6ನೇ ಅಡ್ಡರಸ್ತೆಯಲ್ಲೇ ಇದೆ. ಹತ್ತಿರ ಅಂತ ನೇರ ಅಲ್ಲಿಗೆ ಹೋಗಿ ನಿಲ್ಲಬೇಡಿ. ತಿದ್ದುಪಡಿ ಅರ್ಜಿ ನೀವು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಹೋಗಬೇಕು. ‘ಎಲ್ಲಾ ನಾನು ನೋಡ್ಕೋತೀನಿ’ ಎನ್ನುವವರ ಕೈಗೆ ದುಡ್ಡು ಕೊಡಬಾರದು. ಈ ಫೆಲೋಶಿಪ್‌ನ ಅರ್ಜಿಗೇ ಶುಲ್ಕವಿಲ್ಲ. ಅದಕ್ಕೆ ಏಜೆಂಟರೂ ಇಲ್ಲ.

ವೀಸಾಕ್ಕೆ ಬೇಕಾದ ಡಿಎಸ್-2019 ಎಂಬ ಪತ್ರ ಕೈಚೀಲದಲ್ಲೇ ಇರಬೇಕು, ಸೂಟ್‌ಕೇಸಿಗೆ ಹಾಕಬಾರದು. ಅದರಲ್ಲಿರುವ ಆರಂಭದ ದಿನಕ್ಕೆ 30 ದಿನಕ್ಕಿಂತ ಮೊದಲು ಅಲ್ಲಿ ಒಳಗೆ ಬಿಡುವುದಿಲ್ಲ. ಹಾಗಂತ ವರಮಹಾಲಕ್ಷ್ಮಿ ಹಬ್ಬ ಮುಗಿಸಿಯೇ ಹೊರಡುತ್ತೇನೆ ಎಂದು ಹಟ ಹಿಡಿಯಲೂಬೇಡಿ.

ವೀಸಾ ಸಂದರ್ಶನದಲ್ಲಿ ‘ಅಲ್ಲೇ ಕೆಲಸ ಹುಡುಕಿಕೊಳ್ತೀನಿ’ ಅನ್ನಬಾರದು. ಇದು ಬರೀ ಬಾಯಿಮಾತಿನ ಎಚ್ಚರವಲ್ಲ. ಈ ಫೆಲೋಶಿಪ್‌ಗೆ ಸಿಗುವ ಜೆ-1 ವೀಸಾದ ಮೇಲೆ ಹೋದವರು ಸ್ವದೇಶದಲ್ಲಿ ಒಟ್ಟು 2 ವರ್ಷ ಇದ್ದ ಮೇಲೆಯೇ ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಪಡೆಯಬಹುದು. ಇದನ್ನು ಮದುವೆ ಮಾತುಕತೆಗೆ ಬಂದವರಿಗೂ ಈಗಲೇ ಹೇಳಿಬಿಡಿ. ಬೇಸರವಾದರೆ ಎಚ್. ನರಸಿಂಹಯ್ಯನವರನ್ನು ನೆನೆಯಿರಿ: ಓಹಿಯೋದಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದ ಪಿಎಚ್.ಡಿ. ಮುಗಿಸಿ ಬಂದವರು ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಮರಳಿದರು, ಅಲ್ಲಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದರು.

ಇನ್ನು ತಿಂಡಿ. ಇಲ್ಲಿ ಅಜ್ಜಿಯ ಮಾತು ಕೇಳಬಾರದು. ಹಸಿ ಕರಿಬೇವು ಒಂದೆಸಳೂ ಬೇಡ. ನಿಂಬೆಜಾತಿಯ ಗಿಡಗಳಿಗೆ ರೋಗ ತರುವ ಕೀಟ ಅದರಲ್ಲಿರಬಹುದೆಂದು ಅಲ್ಲಿ ತಡೆಯುತ್ತಾರೆ. ಹಣ್ಣು, ಬಿತ್ತನೆ ಬೀಜವೂ ಬೇಡ. ಒಣಕೊಬ್ಬರಿ ಗಿಟುಕಂತೂ ಬೇಡವೇ ಬೇಡ, ಎಣ್ಣೆಯಂಶದಿಂದ ತಾನೇ ಕಾವೇರುವ ವಸ್ತುವೆಂದು ವಿಮಾನದವರು ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ಗಾಂಧಿ ಬಜಾರಿನ ಚಟ್ನಿಪುಡಿ, ಹುರಿಗಾಳು, ಹಪ್ಪಳ ಒಯ್ಯಿರಿ. ಅಂಗಡಿಯಲ್ಲೇ ಸೀಲ್ ಮಾಡಿಸಿ, ಮೇಲೆ ಹೆಸರಿನ ಚೀಟಿ ಇರಲಿ. ಕಸ್ಟಮ್ಸ್‌ನಲ್ಲಿ ತಿಂಡಿ ಇದೆಯೇ ಎಂದು ಕೇಳಿದರೆ ‘ಇದೆ’ ಎಂದೇ ಹೇಳಿ. ಹೇಳಿದರೆ ಹೆಚ್ಚೆಂದರೆ ಎಸೆಯುತ್ತಾರೆ, ಮುಚ್ಚಿಟ್ಟರೆ ದಂಡ.

ಮಾತ್ರೆಗಳು ಅಂಗಡಿಯ ಸ್ಟ್ರಿಪ್ಪಿನಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.

ಹೊರಡುವ ದಿನ ರಾಹುಕಾಲ ನೋಡುವ ಮನೆಯವರಾದರೆ ಅದಕ್ಕೆ ಮೊದಲೇ ಹೊರಟುಬಿಡಿ, ಮುಗಿಯಲೆಂದು ಕಾಯಬೇಡಿ. ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯಲ್ಲಿ, ಹೆಬ್ಬಾಳ ದಾಟಬೇಕು. ಮೂರು ಕಾರು ತುಂಬ ಬಂಧುಗಳು ಬೇಡ. ಕಾಗದಪತ್ರಗಳ ಜೆರಾಕ್ಸ್ ಒಂದು ಸೆಟ್ಟು ಅಮ್ಮನ ಬೀರುವಿನಲ್ಲಿಟ್ಟು, ಯಾವ ಸೀರೆಯ ಕೆಳಗೆ ಎಂಬುದನ್ನು ಅಪ್ಪನಿಗೂ ತೋರಿಸಿ ಹೊರಡಿ.