ಮೊದಲು ಮಣಿಯ ಹದ, ಆಮೇಲೆ ಕೈಯ ವೇಗ

ಹೊಸೂರಿನಿಂದ ಬಂದು ಟಿ. ನಗರದ ನೇಲ್ ಸ್ಟುಡಿಯೊ ಸೇರಿದ್ದೀಯೆಂದು ಕೇಳಿ ಸಂತೋಷವಾಯಿತು ಮಗಳೇ. ಹಾಕಿದ ಅಕ್ರಿಲಿಕ್ ವಾರದೊಳಗೇ ಬುಡದಲ್ಲಿ ಎದ್ದು ಬರುತ್ತದೆ, ಪ್ರೈಮರ್ ಇನ್ನಷ್ಟು ಬಳಿಯಲೇ ಎಂದು ಕೇಳಿದ್ದೆ. ಬೇಡ. ಹೆಚ್ಚು ಬಳಿದ ಪ್ರೈಮರ್ ಚರ್ಮಕ್ಕೆ ಹರಿದು ಸುಡುತ್ತದೆಯೇ ಹೊರತು ಹಿಡಿತ ಕೊಡುವುದಿಲ್ಲ. ನಾನು ನೋಡಿದಂತೆ ಹೀಗೆ ಏಳುವುದಕ್ಕೆ ಬಹುಪಾಲು ಕಾರಣ ಎರಡೇ: ಶುಚಿಯಾಗದ ಉಗುರು, ನೀರಾದ ಮಣಿ (ಬ್ರಷ್ ತುದಿಯಲ್ಲಿ ದ್ರವ, ಪುಡಿ ಸೇರಿ ಆಗುವ ಅಕ್ರಿಲಿಕ್ ಉಂಡೆ).

ಚೆನ್ನೈನಲ್ಲಿ ನಿನ್ನ ಮುಂದೆ ಬಂದು ಕೂರುವ ಕೈ ಬೆವತಿರುತ್ತದೆ, ಅದರಲ್ಲಿ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಪಸೆಯೂ ಇರುತ್ತದೆ. ತೊಳೆಸಿ, ಒರೆಸಿ, ಸ್ವಲ್ಪ ಹೊತ್ತು ಆರಲು ಬಿಡು. ಕ್ಯೂಟಿಕಲ್ ಹಿಂದೆ ಸರಿಸಿದರಷ್ಟೇ ಸಾಲದು. ಉಗುರಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಅಂಟಿಕೊಂಡ ಸತ್ತ ಪದರವನ್ನೂ ತೆಗೆಯಬೇಕು. ಅಕ್ರಿಲಿಕ್ ಆ ಪದರಕ್ಕೆ ಅಂಟಿದರೆ ಅದರ ಜೊತೆಗೇ ಎದ್ದು ಬರುತ್ತದೆ. 180 ಅಥವಾ 240 ಗ್ರಿಟ್ ಫೈಲಿನಿಂದ ಹೊಳಪು ಹೋಗುವಷ್ಟೇ ಉಜ್ಜು, ಉಗುರನ್ನು ತೆಳುವಾಗಿಸಬೇಡ. ನಂತರ ಡೀಹೈಡ್ರೇಟರ್, ಆಮೇಲೆ ಒಂದು ಹನಿಯಷ್ಟು ಪ್ರೈಮರ್. ಇದಾದ ಮೇಲೆ ನಿನ್ನ ಬೆರಳೂ ಆ ಉಗುರಿಗೆ ತಾಗಬಾರದು.

ಈಗ ಮಣಿಯ ವಿಷಯ. ಅದು ಬೆಲ್ಲದ ಪಾಕದ ಹಾಗೆ, ಹದ ತಪ್ಪಿದರೆ ಏನು ಮಾಡಿದರೂ ಕೂಡಿ ಬರುವುದಿಲ್ಲ. ಬ್ರಷ್‌ಗೆ ಮಾನೋಮರ್ ದ್ರವ ಕುಡಿಸಿ, ಬಟ್ಟಲಿನ ಅಂಚಿಗೆ ಒಂದು ಬದಿ ಒರೆಸಿ, ತುದಿಯನ್ನಷ್ಟೇ ಪುಡಿಯಲ್ಲಿ ಮೆಲ್ಲಗೆ ಎಳೆ. ದ್ರವ ಒಂದೂವರೆ ಪಾಲು, ಪುಡಿ ಒಂದು ಪಾಲು ಎನ್ನುವುದು ರೂಢಿಯ ಲೆಕ್ಕ. ಉಗುರಿನ ಮೇಲಿಟ್ಟಾಗ ಮಣಿ ದುಂಡಗೆ ನಿಂತು ನಿಧಾನವಾಗಿ ಕೂರಬೇಕು. ಪಕ್ಕಕ್ಕೆ ಹರಿದರೆ ದ್ರವ ಹೆಚ್ಚಾಯಿತು. ತರಿತರಿಯಾಗಿ ಉದುರಿದರೆ ಪುಡಿ ಹೆಚ್ಚಾಯಿತು.

ಕತ್ತರಿ ವೆಯಿಲು ಎಂದು ಅಲ್ಲಿ ಕರೆಯುವ ಕಡು ಬೇಸಿಗೆಯ ದಿನಗಳಲ್ಲಿ ಕೋಣೆ ಬಿಸಿಯಾಗಿ ಮಣಿ ಬೇಗ ಬಿಗಿಯುತ್ತದೆ. ಸಮಯ ಗಳಿಸಲೆಂದು ಹೊಸಬರು ದ್ರವ ಹೆಚ್ಚಿಸುತ್ತಾರೆ, ಎಡವುವುದು ಅಲ್ಲೇ. ನೀರಾದ ಅಕ್ರಿಲಿಕ್ ಹೆಚ್ಚು ಕುಗ್ಗುತ್ತದೆ, ಬಲಹೀನವೂ ಆಗುತ್ತದೆ, ಕೂಡದೆ ಉಳಿದ ಮಾನೋಮರ್ ಚರ್ಮಕ್ಕೂ ಅಪಾಯ. ಎಸಿಯನ್ನು 24 ಡಿಗ್ರಿಯ ಸುಮಾರಿಗೆ ಇಟ್ಟುಕೊಂಡು ಮಣಿಯನ್ನು ಚಿಕ್ಕದು ಮಾಡು, ಒಂದರ ಬದಲು ಮೂರು ಇಡು. ಬಿಡುವಿನಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೀ ಮಣಿಗಳನ್ನೇ ಇಡುತ್ತಾ ಹೋಗು, ಎಲ್ಲವೂ ಒಂದೇ ಗಾತ್ರಕ್ಕೆ ಬರುವವರೆಗೆ. ಕ್ಯೂಟಿಕಲ್ ಹತ್ತಿರ ಕೂದಲೆಳೆಯಷ್ಟು ಜಾಗ ಬಿಡುವುದನ್ನು ಮರೆಯಬೇಡ. ಬ್ರಷ್ಷನ್ನು ನೀರಿನಲ್ಲಿ ತೊಳೆಯದೆ ಮಾನೋಮರ್‌ನಲ್ಲೇ ಶುಚಿಮಾಡು.

ಮೈಲಾಪುರದ ಕಡೆಯಿಂದ ವೀಣೆ ನುಡಿಸುವವರು ಬಂದು ಬಲಗೈಯ ಎರಡು ಉಗುರನ್ನಷ್ಟೇ ಗಟ್ಟಿ ಮಾಡಿಕೊಡು ಎಂದರೆ, ಉದ್ದ ಎಷ್ಟಿರಬೇಕೆಂದು ಅವರನ್ನೇ ಕೇಳು. ತಂತಿಯನ್ನು ಮೀಟುವುದು ಅವರು.

ನಿನ್ನ ಆರೋಗ್ಯದ ಬಗ್ಗೆ ಒತ್ತಿ ಹೇಳಬೇಕು. ಮಾನೋಮರ್‌ನಲ್ಲಿರುವ ಮೆಥಾಕ್ರಿಲೇಟ್‌ಗೆ ಒಮ್ಮೆ ಅಲರ್ಜಿ ಹತ್ತಿದರೆ ಸಾಮಾನ್ಯವಾಗಿ ಜೀವಮಾನವಿಡೀ ಬಿಡುವುದಿಲ್ಲ. ಹಲ್ಲು ತುಂಬಲು, ಮಂಡಿ ಬದಲಿಸುವಾಗ ಮೂಳೆಗೆ ಸಿಮೆಂಟ್ ಹಾಕಲು ಬಳಸುವುದೂ ಇದೇ ಕುಟುಂಬದ ವಸ್ತು. ಇಂದಿನ ಅಜಾಗ್ರತೆ ಎಷ್ಟೋ ವರ್ಷಗಳ ನಂತರ ಆಸ್ಪತ್ರೆಯಲ್ಲಿ ತೊಡಕಾಗಬಹುದು. ನೈಟ್ರೈಲ್ ಗ್ಲೌಸ್ ಹಾಕು, ಮಾನೋಮರ್ ತಾಗಿದ ಕೂಡಲೇ ಬದಲಿಸು. ಬಟ್ಟಲಿಗೆ ಮುಚ್ಚಳವಿರಲಿ. ಮಾಸ್ಕ್ ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ಆದ್ದರಿಂದ ಮೇಜಿನ ಮಟ್ಟದಲ್ಲೇ ಗಾಳಿ ಎಳೆಯುವ ಫ್ಯಾನ್ ಹಾಕಿಸಲು ಮಾಲೀಕರನ್ನು ಕೇಳು, ಸಂಕೋಚಪಡಬೇಡ. ಚೆನ್ನೈನ ಪ್ಯಾರೀಸ್ ಕಾರ್ನರ್‌ನ ಗಲ್ಲಿಗಳಲ್ಲಿರಲಿ ಬೇರೆಲ್ಲೇ ಇರಲಿ, ಲೇಬಲ್ ಇಲ್ಲದ ಅಗ್ಗದ ದ್ರವ ಕೊಳ್ಳಬೇಡ. ಅದರಲ್ಲಿ ಎಂಎಂಎ (ಮೀಥೈಲ್ ಮೆಥಾಕ್ರಿಲೇಟ್) ಇರಬಹುದು. ಉಗುರಿಗೆ ಅದು ಬೇಡವೆಂದು ಅಮೆರಿಕದ ಎಫ್‌ಡಿಎ 1970ರ ದಶಕದಲ್ಲೇ ಕ್ರಮ ಕೈಗೊಂಡಿತ್ತು. ಬಾಟಲಿಯ ಮೇಲೆ ಇಎಂಎ (ಈಥೈಲ್ ಮೆಥಾಕ್ರಿಲೇಟ್) ಎಂದಿರುವುದನ್ನು ನೋಡಿಯೇ ತೆಗೆದುಕೋ.

ಎರಡು ಮೂರು ವಾರಕ್ಕೆ ಗ್ರಾಹಕರು ರೀಫಿಲ್‌ಗೆ ಬಂದಾಗ ಎದ್ದ ಭಾಗವನ್ನು ಪೂರ್ತಿ ತೆಗೆಯದೆ ಮೇಲೆ ತುಂಬಬೇಡ. ಒಳಗೆ ಸೇರಿದ ತೇವದಲ್ಲಿ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗುತ್ತದೆ. ಹಸಿರು ಕಂಡರೆ ಅಸಿಟೋನ್‌ನಲ್ಲಿ ನೆನೆಸಿ, ಕೀಳದೆ ತೆಗೆದು, ಚರ್ಮದ ಡಾಕ್ಟರ ಹತ್ತಿರ ಕಳಿಸು. ಗ್ರಾಹಕರು ಎಷ್ಟೇ ಒತ್ತಾಯಿಸಿದರೂ ಆ ದಿನ ಆ ಉಗುರಿಗೆ ಏನೂ ಹಾಕಬೇಡ.