ಗೆಳೆಯರ ಫುಟ್ಸಾಲ್ ವರ್ಷಗಟ್ಟಲೆ ಉಳಿಯಲು

ಫುಟ್ಸಾಲ್ ಎಂದರೆ ತಂಡಕ್ಕೆ ಐವರಂತೆ ಆಡುವ ಚಿಕ್ಕ ಅಂಗಳದ ಫುಟ್‌ಬಾಲ್. 1930ರಲ್ಲಿ ಉರುಗ್ವೆಯ ಮೊಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಇದನ್ನು ರೂಪಿಸಿದರು. ಅಂಗಳ ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲ. ಚೆಂಡು ಚಿಕ್ಕದು, ಪುಟಿಯುವುದೂ ಕಡಿಮೆ. ಅಧಿಕೃತ ಆಟಕ್ಕೆ ಗಟ್ಟಿ ನೆಲ ಬೇಕು. ಮೈಸೂರಿನ ಗೆಳೆಯರ ಬಳಗಗಳಿಗೆ ಸುಲಭವಾಗಿ ಒದಗುವುದು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಟರ್ಫ್.

ಆಟ ವರ್ಷಗಟ್ಟಲೆ ನಡೆಯಬೇಕಾದರೆ ದಿನ, ವೇಳೆ ನಿಗದಿಯಾಗಿರಬೇಕು. ಬಾಡಿಗೆಯನ್ನು ಮುಂಚೆಯೇ ಹಂಚಿಕೊಳ್ಳುವುದು ಮೇಲು. ಹತ್ತು ಮಂದಿಯ ಮೇಲೆ ಇನ್ನಿಬ್ಬರು ಮೂವರಿದ್ದರೆ, ಯಾರಾದರೂ ಕೈಕೊಟ್ಟರೂ ಆಟ ನಿಲ್ಲದು. ಬದಲಿ ಆಟಗಾರರು ಎಷ್ಟು ಸಲವಾದರೂ ಒಳಹೊರಗೆ ಹೋಗಲು ನಿಯಮದಲ್ಲಿ ಅವಕಾಶವಿದೆ. ವಯಸ್ಸು ಮೂವತ್ತು ದಾಟಿದವರು ಇದನ್ನು ಧಾರಾಳವಾಗಿ ಬಳಸಬೇಕು. ಆಟಕ್ಕೆ ಮುನ್ನ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು ಒಳ್ಳೆಯದು. ಉದ್ದ ಸ್ಟಡ್‌ನ ಬೂಟು ಕೃತಕ ಹುಲ್ಲಿನಲ್ಲಿ ಸಿಕ್ಕಿಕೊಂಡು ಮಂಡಿ ತಿರುಚಬಹುದು. ಗಿಡ್ಡ ರಬ್ಬರ್ ಸ್ಟಡ್‌ನ ಟರ್ಫ್ ಶೂ ಸರಿ. ಬೇಸಿಗೆಯ ಮಧ್ಯಾಹ್ನ ಈ ಹುಲ್ಲು ವಿಪರೀತ ಕಾಯುವುದರಿಂದ ಬೆಳಿಗ್ಗೆ ಅಥವಾ ಸಂಜೆ ಹಿತ.

ಪ್ರತಿ ಪಂದ್ಯದ ದಿನಾಂಕ, ತಂಡ, ಗೋಲುಗಳನ್ನು ಬರೆದಿಟ್ಟು, ವರ್ಷಕ್ಕೊಂದು ಗುಂಪು ಫೋಟೊ ತೆಗೆದರೆ ನೆನಪುಗಳು ಮಾಸುವುದಿಲ್ಲ. ಊರು ಬಿಟ್ಟವರು ದಸರಾಕ್ಕೆ ಬಂದಾಗ ಅವರಿಗೆಂದೇ ಒಂದು ಪಂದ್ಯ ಮೀಸಲಿಟ್ಟರೆ ಬಳಗವೂ ಚದುರುವುದಿಲ್ಲ.